ನೆರಳು ಬದಲಾದ ಶನಿವಾರ

ಆ ಶನಿವಾರ ನಾನು ಅಮ್ಮನಿಗೆ ಹೇಳಿದ್ದು ಸ್ಪೆಷಲ್ ಕ್ಲಾಸ್ ಇದೆ ಎಂದು. ಅಮ್ಮ ನನಗೆ ಹೇಳಿದ್ದು ದೊಡ್ಡಮ್ಮನ ಮನೆಯಲ್ಲಿ ಹಪ್ಪಳ ಒತ್ತುವುದಿದೆ, ಬರುವುದು ಸಂಜೆಯಾಗುತ್ತದೆ ಎಂದು. ನನ್ನದು ಅಪ್ಪಟ ಸುಳ್ಳು. ಅಮ್ಮನ ಮಾತಿನ ಮೇಲೆ ನನಗೆ ಅನುಮಾನವೇ ಬರಲಿಲ್ಲ. ಹಪ್ಪಳದ ವಿಷಯದಲ್ಲಿ ಯಾರಾದರೂ ಸುಳ್ಳು ಹೇಳುತ್ತಾರೆ ಎಂದು ಯಾರಿಗೆ ತಾನೇ ಹೊಳೆಯುತ್ತದೆ?

"ಸೀದಾ ಹೋಗಿ ಸೀದಾ ಬಾ. ಕೆರೆ ತಿರುವಿನ ಕಡೆ ತಲೆ ಹಾಕ್ಬೇಡ," ಎಂದಳು ಅಮ್ಮ, ಎಂದಿನಂತೆ ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸುತ್ತಾ. ಅಮ್ಮ ಯಾವ ಕೆಲಸ ಶುರು ಮಾಡುವಾಗಲೂ ಮೊದಲು ಸೆರಗು ಸಿಕ್ಕಿಸುತ್ತಾಳೆ. ಸಿಲಿಂಡರ್ ಬದಲಾಯಿಸುವುದಿರಲಿ, ನನಗೆ ಬೈಯುವುದಿರಲಿ.

ಕೆರೆ ತಿರುವಿನಲ್ಲೇ ಅಪ್ಪ ಸ್ಕೂಟರಿನಿಂದ ಬಿದ್ದದ್ದು. ನಾನಾಗ ಆರನೇ ಕ್ಲಾಸು. ಬಿದ್ದದ್ದು ಬೆಳಿಗ್ಗೆ, ನಮಗೆ ಗೊತ್ತಾದದ್ದು ಸಂಜೆ. ಅಷ್ಟು ಹೊತ್ತೂ ಅಪ್ಪ ಪೊದೆಯ ಮರೆಯಲ್ಲಿ ಒಬ್ಬನೇ ಇದ್ದ. "ಸ್ವಲ್ಪ ಮುಂಚೆ ಗೊತ್ತಾಗಿದ್ರೆ..." ಎಂದು ಆಸ್ಪತ್ರೆಯವರು ಅರ್ಧಕ್ಕೆ ಬಿಟ್ಟ ಮಾತನ್ನು ಅಮ್ಮ ಇವತ್ತಿಗೂ ಬಾಯಿಬಿಟ್ಟು ಪೂರ್ತಿ ಮಾಡಿಲ್ಲ. ಅಂದಿನಿಂದ ನಮ್ಮ ಮನೆಗೆ ಎರಡು ಕಾನೂನು. ಯಾರೂ ಎರಡು ಚಕ್ರದ ಗಾಡಿ ಹತ್ತುವಂತಿಲ್ಲ, ಯಾರೂ ಕೆರೆ ತಿರುವಿನಲ್ಲಿ ಹೋಗುವಂತಿಲ್ಲ. ಹೂವಿನ ಬೆಡ್‌ಶೀಟ್ ಹೊದ್ದ ಅಪ್ಪನ ಸ್ಕೂಟರ್ ಹಿತ್ತಿಲ ಶೆಡ್ಡಿನಲ್ಲಿ ನಿಂತಿದೆ. ನಾವು ಪೇಟೆಗೆ ಹೋಗಬೇಕೆಂದರೆ ಕುಂಬಾರ ಬೀದಿಯ ಏರು ಹತ್ತಿ, ಇಳಿದು, ಸುತ್ತಿ ಬಳಸಿ ಹೋಗುತ್ತೇವೆ. ಮಳೆ ಬರಲಿ, ಬಿಸಿಲಿರಲಿ, ಕೈಯಲ್ಲಿ ಅಕ್ಕಿ ಚೀಲವೇ ಇರಲಿ.

ಅವತ್ತು ಏರು ಹತ್ತಿದ್ದೇ ಗೊತ್ತಾಗಲಿಲ್ಲ ಎನ್ನಿ. ನಾನು ಮತ್ತು ನನ್ನ ಕ್ಲಾಸಿನ ಹೇಮಿ ಒಂದು ವಾರದಿಂದ ಪ್ಲಾನ್ ಮಾಡಿದ್ದೆವು. ಮೊದಲು ಶಾಪಿಂಗ್, ಆಮೇಲೆ ಸಿನಿಮಾ, ಆಮೇಲೆ ಹೋಟೆಲಿನಲ್ಲಿ ಊಟ. ಅವಸರವಿಲ್ಲ, ಗಡಿಬಿಡಿಯಿಲ್ಲ, ಮಹಾರಾಣಿಯರ ಹಾಗೆ ಇಡೀ ದಿನ.

ಮೊದಲು ನುಗ್ಗಿದ್ದು ಶೇಷಪ್ಪನವರ ಬಟ್ಟೆ ಅಂಗಡಿಗೆ. ನಮ್ಮೂರಿನಲ್ಲಿ ಕನ್ನಡಿ ನೋಡಿ ಬಟ್ಟೆ ಕೊಳ್ಳುವವರು ಕಡಿಮೆ. ಸುಣ್ಣ ಹೊಡೆದ ಗೋಡೆಯ ಮುಂದೆ ನಿಲ್ಲಿಸಿ, ಬೆನ್ನ ಹಿಂದೆ ದೀಪ ಹಾಕಿ, ನೆರಳಿಗೆ ಹೇಗೆ ಕೂರುತ್ತದೆ ಎಂದು ನೋಡುತ್ತಾರೆ. ಕನ್ನಡಿಗೆ ದಾಕ್ಷಿಣ್ಯ ಜಾಸ್ತಿ, ಮುಖ ನೋಡಿ ಮಾತಾಡುತ್ತದೆ. ನೆರಳಿಗೆ ಆ ದಾಕ್ಷಿಣ್ಯ ಇಲ್ಲ.

"ನಿನ್ನ ನೆರಳಿಗೆ ಹೊಟ್ಟೆ ಬಂದಿದೆ ಕಣೇ ಸುಚಿ," ಎಂದಳು ಹೇಮಿ.

"ನಿನ್ನ ನೆರಳಿಗೆ ಬುದ್ಧಿ ಬರ್ಲಿ, ಆಮೇಲೆ ನನ್ನ ಹೊಟ್ಟೆ ಕರಗಿಸ್ತೀನಿ."

ಗೊಂಬೆಗೆ ಹಾಕಿದ್ದ ಒಂದು ಕುರ್ತಾ ನೋಡಿ ನನ್ನ ಕಾಲು ನೆಲಕ್ಕೆ ಅಂಟಿಕೊಂಡಿತು. ಕೆಳಗಡೆ ಅಲೆ ಅಲೆಯಾದ ಅಂಚು, ತೋಳಿನ ತುದಿಗೆ ಪುಟ್ಟ ಗೊಂಡೆ. ಹಳದಿಯಲ್ಲಿ ಬೇಕು ಎಂದೆ. ಶೇಷಪ್ಪನವರು ಕೈ ಚೆಲ್ಲಿದರು.

"ಹಳದಿ ಒಂದೇ ಪೀಸ್ ಇದ್ದಿದ್ದು ಮಗಳೇ. ಈಗ್ತಾನೆ ಒಬ್ರು ತಗೊಂಡ್ರು. ತಗೊಂಡಿದ್ದಲ್ಲ, ಹಾಕ್ಕೊಂಡೇ ಹೋದ್ರು! ಉಟ್ಟಿದ್ದ ಸೀರೆನ ಕವರಿಗೆ ಹಾಕಿಸ್ಕೊಂಡು ಕೈ ಬೀಸ್ಕೊಂಡು ನಡೆದ್ರು. ನನ್ನ ಸರ್ವೀಸಲ್ಲೇ ಇಂಥ ಗಿರಾಕಿ ನೋಡಿರ್ಲಿಲ್ಲ."

"ಯಾವುದೋ ಆಂಟಿಗೆ ಈ ವಯಸ್ಸಲ್ಲಿ ರೆಕ್ಕೆ ಬಂದಿದೆ," ಎಂದು ಹೇಮಿ ನಕ್ಕಳು. ನಾನೂ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಈಗ ನೆನೆಸಿಕೊಂಡರೆ ಕೆನ್ನೆ ಬಿಸಿಯಾಗುತ್ತದೆ.

ಅದೇ ಕುರ್ತಾ ಹಸಿರಿನಲ್ಲಿತ್ತು. ತೆಗೆದುಕೊಂಡೆ. ಆ ಆಂಟಿಗಿಂತ ನಾನೇನು ಕಡಿಮೆ ಎಂದು ನಾನೂ ಅಲ್ಲೇ ಹಾಕಿಕೊಂಡೆ. ಹೇಮಿ ಒಂದು ಜೊತೆ ಜುಮುಕಿ ತೆಗೆದುಕೊಂಡಳು. ಬೀದಿಗೆ ಬಂದ ಮೇಲೆ ಇಬ್ಬರೂ ಬಿಸಿಲಿಗೆ ಬೆನ್ನು ಹಾಕಿ ಸ್ವಲ್ಪ ಹೊತ್ತು ನಮ್ಮ ನಮ್ಮ ನೆರಳನ್ನು ಮೆಚ್ಚಿಕೊಳ್ಳುತ್ತಾ ನಿಂತೆವು. ನನ್ನ ನೆರಳಿನ ಅಂಚು ಅಲೆ ಅಲೆಯಾಗಿ ರಸ್ತೆಯ ಮೇಲೆ ಕುಣಿಯಿತು.

ಅಲ್ಲಿಂದ ಟಾಕೀಸು. ಟಿಕೆಟ್ ತಗೊಂಡು ನೆರಳು ಹಾಕುವ ತಂತಿಯ ಹತ್ತಿರ ಸಾಲು ನಿಂತೆವು. ನೆರಳನ್ನು ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ಇಲ್ಲದಿದ್ದರೆ ಕತ್ತಲಾದ ಕೂಡಲೇ ಅವು ಸೀಟು ಬಿಟ್ಟೆದ್ದು ತೆರೆಯ ಮೇಲೆ ಹೋಗಿ ಕೂರುತ್ತವೆ. ಹಿಂದೊಮ್ಮೆ ಹೀರೊಯಿನ್ ಮದುವೆ ಸೀನಿನಲ್ಲಿ ನಮ್ಮ ಹಾಲಿನವರ ನೆರಳು ಕ್ಯಾನಿನ ಸಮೇತ ಗಂಡು ಹೆಣ್ಣಿನ ನಡುವೆ ಕೂತು ದೊಡ್ಡ ಗಲಾಟೆಯಾಗಿತ್ತು. ಹಿಮ್ಮಡಿ ಎತ್ತಿ ಒಂದು ಸಲ ಕೊಡವಿದರೆ ನೆರಳು ಬಿಟ್ಟುಕೊಳ್ಳುತ್ತದೆ. ಅದನ್ನು ಒದ್ದೆ ಪಂಚೆಯ ಹಾಗೆ ಮಡಿಚಿ ತಂತಿಯ ಮೇಲೆ ಹಾಕುವುದು. ಬರುವಾಗ ಹುಡುಕಿ, ನೆಲದ ಮೇಲೆ ಹಾಸಿ, ಅದರ ಪಾದದ ಮೇಲೆ ನಮ್ಮ ಪಾದ ಇಟ್ಟರೆ ಹತ್ತಿಕೊಳ್ಳುತ್ತದೆ. ತಂತಿ ಕಾಯುವವನು ಚಿಕ್ಕಣ್ಣ. ಅವನು ಕಾಯುವುದು ಹೆಸರಿಗೆ. ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿರುತ್ತಾನೆ. ಅವನ ತಲೆಯ ಮೇಲೆ ಒಂದು ಬೋರ್ಡು: ನಿಮ್ಮ ನೆರಳಿಗೆ ನೀವೇ ಜವಾಬ್ದಾರರು.

ಅದಲುಬದಲು ಆಗುವುದುಂಟು. ಆದರೆ ಬೇರೆಯವರ ನೆರಳು ನಮ್ಮ ಕಾಲಿಗೆ ಹತ್ತಿದರೆ ನಮ್ಮ ಮಾತು ಕೇಳುವುದಿಲ್ಲ. ಅದರ ಯಜಮಾನರು ಎಲ್ಲೇ ಇರಲಿ, ಅವರು ಅಲ್ಲಿ ಏನು ಮಾಡುತ್ತಾರೋ ಅದು ಇಲ್ಲಿ ಅದನ್ನೇ ಮಾಡುತ್ತದೆ. ಬ್ಯಾಂಕ್ ಮ್ಯಾನೇಜರು ಒಮ್ಮೆ ಕ್ಷೌರದಂಗಡಿಯವರ ನೆರಳು ಹಾಕಿಕೊಂಡು ಹೋಗಿದ್ದರು, ಮರುದಿನ ಅದು ಎದುರಿಗೆ ಕೂತವರ ಕತ್ತಿನ ಮೇಲೆಲ್ಲ ಕತ್ತರಿ ಆಡಿಸಿತಂತೆ. ಹೀಗಾದಾಗ ಇಬ್ಬರೂ ತಂತಿಯ ಹತ್ತಿರ ವಾಪಸ್ ಬರಬೇಕು, ಅದು ವಾಡಿಕೆ. ಹಾಗಂತ ನೆರಳೇ ಬೇಡ ಎಂದು ಬಿಟ್ಟು ಹೋಗುವ ಹಾಗೂ ಇಲ್ಲ. ನೆರಳಿಲ್ಲದೆ ಬೀದಿಗಿಳಿಯುವುದು ನಮ್ಮಲ್ಲಿ ಬಟ್ಟೆಯಿಲ್ಲದೆ ಇಳಿದ ಹಾಗೆ.

ಸಿನಿಮಾ ಬಗ್ಗೆ ಹೇಳುವುದು ಬೇಡ. ಹೀರೊ ತನ್ನ ಒಡಹುಟ್ಟಿದ ಅಣ್ಣನನ್ನು ಗುರುತಿಸದೆ ಸಿನಿಮಾ ಪೂರ್ತಿ ಅಟ್ಟಾಡಿಸುತ್ತಾನೆ, ಕೊನೆಗೆ ಇಬ್ಬರೂ ತಬ್ಬಿಕೊಂಡು ಅಳುತ್ತಾರೆ. ನಾವು ಪಾಪ್‌ಕಾರ್ನ್ ತಿಂದು, ಅದನ್ನೇ ಮುಂದಿನವರ ಕೂದಲಿಗೆ ಸಿಕ್ಕಿಸಿ, ಸುಖವಾಗಿದ್ದೆವು. ಹೀರೊ ಬೈಕಿನಲ್ಲಿ ಗೋಡೆ ಒಡೆದುಕೊಂಡು ಬರುವಾಗ ಮುಂದುಗಡೆ ಎಲ್ಲೋ ಲೇಡೀಸ್ ಸಾಲಿನಿಂದ ಒಂದು ಶಿಳ್ಳೆ ಬಂತು ನೋಡಿ. ಇಡೀ ಟಾಕೀಸು ಆ ಕಡೆ ತಿರುಗಿತು.

"ಹೆಂಗಸು ಕಣೇ! ಎರಡು ಬೆರಳು ಬಾಯಲ್ಲಿಟ್ಕೊಂಡು ಹೊಡೆದ್ಲು!" ಹೇಮಿ ಎದ್ದು ನೋಡಿದಳು. ಕತ್ತಲಲ್ಲಿ ಏನೂ ಕಾಣಲಿಲ್ಲ.

ಹೊರಗೆ ಬಂದಾಗ ಮೋಡ ಕವಿದಿತ್ತು. ತಂತಿಯ ಸುತ್ತ ನೂಕುನುಗ್ಗಲು. ನಾನು ಅಲೆ ಅಲೆ ಅಂಚನ್ನು ಹುಡುಕಿದೆ, ಸಿಕ್ಕಿತು. ತೋಳಿನ ಗೊಂಡೆ ಮುಟ್ಟಿ ನೋಡಿದೆ, ಇತ್ತು. ಎಳೆದುಕೊಂಡೆ, ಹಾಸಿದೆ, ಪಾದ ಇಟ್ಟೆ. ಚೂರು ಬೆಚ್ಚಗಿತ್ತು ಅನ್ನಿಸಿತು. ಜನದ ಬಿಸಿ ಇರಬೇಕು ಎಂದುಕೊಂಡೆ. ಬಿಸಿಲಿಲ್ಲದ್ದರಿಂದ ದಾರಿಯಲ್ಲಿ ಯಾರ ನೆರಳೂ ಕಾಣುತ್ತಿರಲಿಲ್ಲ.

ಪದ್ಮಣ್ಣನ ಹೋಟೆಲಿನಲ್ಲಿ ಗೋಡೆ ಪಕ್ಕದ ಟೇಬಲ್ ಸಿಕ್ಕಿತು. ಅಕ್ಕಿ ರೊಟ್ಟಿ, ಎಣ್ಣೆಗಾಯಿ, ಮಧ್ಯೆ ಇಬ್ಬರಿಗೂ ಸೇರಿ ಒಂದು ಗೋಬಿ. ಎಣ್ಣೆಗಾಯಿಯ ಘಮಕ್ಕೆ ನಾನು ಎರಡು ಕೈಯಲ್ಲೂ ರೊಟ್ಟಿ ಮುರಿಯುತ್ತಿದ್ದೆ. ಆಗ ಪದ್ಮಣ್ಣ ದೀಪ ಹಾಕಿದ. ಎಲ್ಲರ ನೆರಳೂ ಗೋಡೆ ಮೇಲೆ ಮೂಡಿದವು, ಎಲ್ಲ ತಿನ್ನುತ್ತಿದ್ದವು. ನನ್ನದು ಮಾತ್ರ ತಿನ್ನುತ್ತಿರಲಿಲ್ಲ.

"ಸುಚಿ," ಎಂದಳು ಹೇಮಿ, ಬಾಯಲ್ಲಿ ಗೋಬಿ ಇಟ್ಟುಕೊಂಡೇ. "ನಿನ್ನ ನೆರಳು ಯಾಕೆ ಕೈ ಮುಂದೆ ಚಾಚ್ಕೊಂಡು ಕೂತಿದೆ?"

ತಿರುಗಿ ನೋಡಿದೆ. ನೆರಳು ಬೆನ್ನು ನೆಟ್ಟಗೆ ಮಾಡಿ ಕೂತಿತ್ತು. ಎರಡೂ ಕೈ ಮುಂದಕ್ಕೆ, ಮುಷ್ಟಿ ಬಿಗಿಯಾಗಿ. ಮೈ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂಗುತ್ತಿತ್ತು. ತಲೆಯ ಹಿಂದೆ ನನ್ನ ಜುಟ್ಟಿರಲಿಲ್ಲ, ಗಂಟು ಕಟ್ಟಿದ ತುರುಬಿತ್ತು.

"ಅಯ್ಯೋ, ಬೇರೆಯವರದ್ದು ಬಂದ್ಬಿಟ್ಟಿದೆ!"

"ಏನ್ ಮಾಡ್ತಿದೆ ಅದು? ಎಮ್ಮೆ ಕೊಂಬು ಹಿಡ್ಕೊಂಡಿದೆಯಾ?"

"ಗಾಡಿ ಓಡಿಸ್ತಿರೋದು ಕಣೇ! ನೋಡು, ಬ್ಯಾಲೆನ್ಸೇ ಇಲ್ಲ. ಕಲೀತಿದ್ದಾರೆ ಯಾರೋ."

ನಮಗೆ ನಗು ತಡೆಯಲಿಲ್ಲ. ಪಕ್ಕದ ಟೇಬಲಿನವರೂ ತಿರುಗಿ ನೋಡಿ ನಗಲು ಶುರು ಮಾಡಿದರು. ನೆರಳು ವಾಲಿದಾಗ ಎಲ್ಲ "ಓ..." ಎಂದರು, ಸರಿಯಾದಾಗ ಯಾರೋ ಚಪ್ಪಾಳೆ ತಟ್ಟಿದರು. ಅಲ್ಲಿ ಗಾಡಿ ನಿಂತಿತೋ ಏನೋ, ನೆರಳು ಒಂದು ಕಾಲು ಕೆಳಗೆ ಊರಿ ಉಸಿರು ಬಿಟ್ಟಿತು. ಮತ್ತೆ ಹೊರಡುವ ಮೊದಲು ಅದರ ಬಲಗೈ ಭುಜದ ಹತ್ತಿರ ಹೋಯಿತು, ಅಲ್ಲಿಂದ ಏನನ್ನೋ ಎಳೆದುಕೊಂಡ ಹಾಗೆ ಮಾಡಿತು, ಸೊಂಟಕ್ಕೆ ಸಿಕ್ಕಿಸಿತು. ಅಲ್ಲಿ ಸಿಕ್ಕಿಸಲು ಏನೂ ಇರಲಿಲ್ಲ. ಸೆರಗೇ ಇರಲಿಲ್ಲ. ಆದರೂ ಆ ಕೈ ಸೆರಗು ಸಿಕ್ಕಿಸಿತು.

ನನ್ನ ಬಾಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

ಹೀಗೆ ಸೆರಗು ಸಿಕ್ಕಿಸುವ ಕೈ ಇಡೀ ಊರಿನಲ್ಲಿ ಒಂದೇ. ಅದು ಈ ಹೊತ್ತಿಗೆ ದೊಡ್ಡಮ್ಮನ ಮನೆಯಲ್ಲಿ ಹಪ್ಪಳ ಒತ್ತುತ್ತಿರಬೇಕಿತ್ತು.

"ಅಮ್ಮ!" ಎಂದು ಕಿರುಚಿ ನಾನು ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಬಿತ್ತು. ಅದೇ ಕ್ಷಣ ಗೋಡೆಯ ಮೇಲಿನ ನೆರಳು ಬೆಚ್ಚಿ ಕೆಳಗೆ ನೋಡಿತು, ಎರಡೂ ಕೈ ಮೇಲೆ ಹಾರಿದವು, ಗೋಡೆಯಿಂದ ಜಾರಿ ನೆಲಕ್ಕೆ ಬಿತ್ತು. ಬಿದ್ದು ಹಾಗೇ ಮಲಗಿತು.

ಏನಾಯಿತು ಎಂದು ನನಗೆ ಆಗಲೇ ಗೊತ್ತಾಯಿತು. ನನ್ನ ನೆರಳು ಅಮ್ಮನ ಕಾಲಿಗಿದೆ. ಇಷ್ಟು ಹೊತ್ತು ನಾನು ಟೇಬಲ್ ಮುಂದೆ ಕೂತಿದ್ದೆ, ಅಮ್ಮ ಸ್ಕೂಟರಿನ ಮೇಲೆ ಕೂತಿದ್ದಳು. ಕೂತ ನೆರಳಿಗೂ ಕೂತ ನೆರಳಿಗೂ ವ್ಯತ್ಯಾಸ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಹೊರಗೆ ಆಗಷ್ಟೇ ಮೋಡ ಸರಿದು ಬಿಸಿಲು ಬಿದ್ದಿತ್ತು. ನಾನು ದಡಕ್ಕನೆ ಎದ್ದಾಗ ಓಡುವ ಗಾಡಿಯ ಪಕ್ಕದಲ್ಲಿ ಒಂದು ನೆರಳು ದಡಕ್ಕನೆ ಎದ್ದು ನಿಂತಿದೆ. ನಾನೇ ಅವಳನ್ನು ಬೀಳಿಸಿದೆ.

ನಮ್ಮೂರಿನಲ್ಲಿ ಬಿದ್ದ ನೆರಳನ್ನು ಯಾರೂ ದಾಟುವುದಿಲ್ಲ. ಇಡೀ ಹೋಟೆಲು ಇದ್ದಲ್ಲೇ ನಿಂತಿತು. ಸಾಂಬಾರಿನ ಬಕೆಟ್ ಹಿಡಿದವನು ಒಂದು ಕಾಲು ಎತ್ತಿದವನು ಎತ್ತಿದ ಹಾಗೇ ಇದ್ದ. ಚಪ್ಪಾಳೆ ತಟ್ಟಿದವರು ಕೈ ಕೆಳಗಿಳಿಸಿದರು. ಎಲ್ಲಿದ್ದಾಳೆ ಅಮ್ಮ? ರಸ್ತೆಯಲ್ಲಾ, ಮೈದಾನದಲ್ಲಾ, ಯಾವುದಾದರೂ ಪೊದೆಯ ಮರೆಯಲ್ಲಾ? ನೆರಳು ಅದನ್ನು ಹೇಳುವುದಿಲ್ಲ. ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ನನ್ನ ಬೆರಳಿನ ಎಣ್ಣೆಗಾಯಿ ಫೋನಿಗೆಲ್ಲ ಮೆತ್ತಿಕೊಂಡಿತು. ನೆಲದ ಮೇಲೆ ಅಮ್ಮ ಕೈಕಾಲು ಚೆಲ್ಲಿ ಬಿದ್ದಿದ್ದಳು, ನನ್ನ ಚಪ್ಪಲಿಗೆ ಅಂಟಿಕೊಂಡು. ನಾನು ಅವಳನ್ನು ಎತ್ತುವ ಹಾಗಿರಲಿಲ್ಲ.

"ದೀಪ ತಗೊಂಡ್ ಬಾರೋ! ಹತ್ರ ಹಿಡೀರಿ!" ಪದ್ಮಣ್ಣ ಗಲ್ಲಾ ಬಿಟ್ಟು ಓಡಿ ಬಂದ. ದೀಪ ಹತ್ತಿರ ಬಂದಾಗ ನೆರಳು ಕಪ್ಪಗಾಯಿತು. "ಯಾರದ್ದು ತಾಯಿ ಇದು?"

"ನಮ್ಮಮ್ಮಂದು," ಎಂದಳು ಹೇಮಿ. ನನ್ನ ಅಮ್ಮನನ್ನು ಅವಳು ನಮ್ಮಮ್ಮ ಎಂದದ್ದು ಆಮೇಲೆ ನೆನಪಾಯಿತು.

ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ಗೊತ್ತಿಲ್ಲ. ಮೊದಲು ಒಂದು ಬೆರಳು ಅಲುಗಿತು. ಆಮೇಲೆ ಮೊಣಕೈ. ನೆರಳು ನಿಧಾನವಾಗಿ ಎದ್ದು ಕೂತಿತು. ತುರುಬು ಬಿಚ್ಚಿ ಹೋಗಿತ್ತು. ಮೊಣಕಾಲು ಮುಟ್ಟಿ ನೋಡಿಕೊಂಡಿತು, ಮೊಣಕೈ ಮುಟ್ಟಿ ನೋಡಿಕೊಂಡಿತು. ಹೋಟೆಲಿನಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟ ಸದ್ದು ಕೇಳಿಸಿತು. ಆಮೇಲೆ ಅಮ್ಮ ತನ್ನ ಕಾಲ ಬುಡ ನೋಡಿದಳು. ಅಲ್ಲಿ ಅವಳಿಗೆ ಕಂಡದ್ದು ಏನು? ಜುಟ್ಟು, ಹೊಸ ಕುರ್ತಾ, ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ರೊಟ್ಟಿ. ನೆರಳು ಹಣೆ ಚಚ್ಚಿಕೊಂಡಿತು.

ಮುಂದೆ ತೋರುಬೆರಳು ಎದ್ದಿತು. ಅಲುಗಿತು, ಇನ್ನೂ ಜೋರಾಗಿ ಅಲುಗಿತು. ಸ್ಪೆಷಲ್ ಕ್ಲಾಸಾ? ಸ್ಪೆಷಲ್ ಕ್ಲಾಸಾ ನಿಂಗೆ? ಸದ್ದಿಲ್ಲದಿದ್ದರೂ ಒಂದೊಂದು ಅಕ್ಷರವೂ ಕೇಳಿಸಿತು. ನಾನು ಕೈ ಮುಗಿದೆ. ಅಳುತ್ತಾ ಕೆನ್ನೆ ಬಡಿದುಕೊಂಡೆ. ಅಮ್ಮನ ಬೆರಳು ಅರ್ಧದಲ್ಲೇ ನಿಂತಿತು. ಆಮೇಲೆ ಐದೂ ಬೆರಳು ಜೋಡಿಸಿ ಬಾಯಿಯ ಹತ್ತಿರ ತಂದು, ಮತ್ತೆ ನನ್ನ ಕಡೆ ತೋರಿಸಿ, ಮತ್ತೆ ಬಾಯಿಯ ಹತ್ತಿರ ತಂದಳು.

ಊಟ ಮುಗಿಸು.

ಮೊದಲು ನಕ್ಕದ್ದು ಸಾಂಬಾರಿನ ಬಕೆಟ್ಟಿನವನು. ಎತ್ತಿದ ಕಾಲು ಕೆಳಗಿಟ್ಟು ಬಿದ್ದು ಬಿದ್ದು ನಕ್ಕ. ಪದ್ಮಣ್ಣ ಕಣ್ಣು ಒರೆಸಿಕೊಂಡು, "ಬಿದ್ದು ಎದ್ದಿದ್ದೇ ತಡ, ಮಗಳು ಉಂಡ್ಲಾ ಅಂತ ನೋಡ್ತಾರಲ್ಲಪ್ಪ! ಕೂತ್ಕೋ ತಾಯಿ, ಉಣ್ಣು. ಬಿಸಿ ರೊಟ್ಟಿ ಹಾಕಿಸ್ತೀನಿ," ಎಂದ. ಕೂತೆ. ಉಪ್ಪೋ ಖಾರವೋ ಗೊತ್ತಾಗಲಿಲ್ಲ. ಅಮ್ಮ ಗೋಡೆಯ ಮೇಲೆ ಕೂತು ನಾನು ತಟ್ಟೆ ಖಾಲಿ ಮಾಡುವವರೆಗೂ ನೋಡುತ್ತಿದ್ದಳು.

ತಂತಿಯ ಹತ್ತಿರ ಹೋಗಿ ಕಾಯುತ್ತಾ ನಿಂತೆವು. ದೂರದಿಂದ ಒಂದು ಸದ್ದು ಬಂತು. ಆ ಸದ್ದು ಕೇಳಿ ಎಷ್ಟು ವರ್ಷವಾಗಿತ್ತು! ಆದರೂ ಕಿವಿಗೆ ಗುರುತು ಸಿಕ್ಕಿತು. ಅಪ್ಪನ ಸ್ಕೂಟರ್. ಓಡಿಸುತ್ತಿದ್ದವರು ನನ್ನ ಹೈಸ್ಕೂಲಿನ ಪಿ.ಟಿ. ಮೇಡಂ, ರಿಟೈರಾದ ಲೂಸಿ ಟೀಚರ್. ಹಿಂದೆ ಕೂತಿದ್ದವಳು ನಮ್ಮಮ್ಮ. ಹಳದಿ ಕುರ್ತಾದಲ್ಲಿ.

ಹೇಮಿ ನನ್ನ ಕೈ ಗಿಲ್ಲಿದಳು. "ರೆಕ್ಕೆ ಬಂದ ಆಂಟಿ," ಎಂದಳು ಪಿಸುಗುಟ್ಟಿ.

ಅಮ್ಮ ಇಳಿದಳು. ಒಂದು ಕಾಲು ಸ್ವಲ್ಪ ಕುಂಟುತ್ತಿತ್ತು, ಮೊಣಕೈ ತರಚಿತ್ತು, ಕುರ್ತಾದ ಅಲೆ ಅಲೆ ಅಂಚಿನಲ್ಲಿ ಕೆಂಪು ಮಣ್ಣು. ಇಬ್ಬರೂ ಎದುರುಬದುರು ನಿಂತೆವು.

"ಹಪ್ಪಳ ಒಣಗ್ತಾ?" ಎಂದೆ ನಾನು.

"ಸ್ಪೆಷಲ್ ಕ್ಲಾಸ್ ಬಿಡ್ತಾ?" ಎಂದಳು ಅಮ್ಮ.

"ಶೆಡ್ಡಲ್ಲಿ ಬೆಡ್‌ಶೀಟ್ ಕೆಳಗೆ ಏನಿದೆ ಹಂಗಾದ್ರೆ?"

"ಸ್ಟೂಲು. ಮೇಲೆ ಒಂದು ಬಿಂದಿಗೆ."

"ಶಿಳ್ಳೆ ಹೊಡೆದಿದ್ದು?"

ಅಮ್ಮ ಲೂಸಿ ಟೀಚರ್ ಕಡೆ ನೋಡಿದಳು. ಟೀಚರ್ ಮುಖದಲ್ಲಿ ಹೆಮ್ಮೆಯೋ ಹೆಮ್ಮೆ. "ಗಾಡಿಗಿಂತ ಮೊದಲು ಕಲಿತಿದ್ದು ಅದೇ. ನಿಮ್ಮಮ್ಮನ ಶ್ವಾಸಕೋಶ ತುಂಬಾ ಗಟ್ಟಿ ಕಣಮ್ಮ."

ನಗಬೇಕು ಎಂದು ಬಾಯಿ ತೆಗೆದೆ, ಅಳು ಬಂತು. "ನಿಂಗೇನಾದ್ರೂ ಆಗಿದ್ರೆ? ಹಂಗೇ ಬಿದ್ದಿದ್ದೆ ನೀನು! ನನ್ನ ಕಾಲ ಹತ್ರ ಬಿದ್ದಿದ್ದೆ, ಎಲ್ಲಿದೀಯ ಅಂತಾನೂ ಗೊತ್ತಿಲ್ಲ! ಅಪ್ಪನ ಥರ ನೀನೂ..." ಮುಂದಿನದ್ದನ್ನು ನಾನೂ ಅರ್ಧಕ್ಕೆ ಬಿಟ್ಟೆ.

ಅಮ್ಮ ನನ್ನ ಮೂಗನ್ನು ತನ್ನ ಹೊಸ ದುಪಟ್ಟಾದಲ್ಲಿ ಒರೆಸಿದಳು. "ಎಷ್ಟು ದಿನ ಅಂತ ಆ ಕುಂಬಾರ ಬೀದಿ ಏರು ಹತ್ತೋದು ಹೇಳು. ಕೆರೆ ಹತ್ರ ಹೋಗ್ದೆ ಎಷ್ಟು ವರ್ಷ ಆಯ್ತು. ಅವರು ಬಿದ್ದ ಜಾಗಕ್ಕೆ ಒಂದು ಸಲಾನೂ ಹೋಗಿಲ್ಲ ನಾನು. ಸೋಮವಾರ ಹೋಗ್ತೀನಿ. ಇದೇ ಗಾಡೀಲಿ, ಒಬ್ಳೇ."

"ಬೇಡ."

"ಕೇಳು ಇಲ್ಲಿ."

"ಬೇಡ ಅಂದ್ನಲ್ಲ! ಬೇಕಾದ್ರೆ ಬರೆದಿಟ್ಕೋ, ನಾನು ಬಿಡಲ್ಲ!"

ಏನು ಹೇಳುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ. ಅಮ್ಮ ಕಾಯುತ್ತಾ ನಿಂತಳು. ನನ್ನ ಬಿಕ್ಕಳಿಕೆ ನಿಂತ ಮೇಲೆ ಹೇಳಿದಳು: "ಅವತ್ತು ನಿಮ್ಮಪ್ಪ ಬಿದ್ದಿದ್ದು ಯಾರಿಗೂ ಗೊತ್ತಾಗ್ಲಿಲ್ಲ. ಅವರ ನೆರಳು ಅವರ ಜೊತೇಲೇ ಇತ್ತು. ಇವತ್ತು ನಾನು ಬಿದ್ದಾಗ ನಿಂಗೆ ತಕ್ಷಣ ಗೊತ್ತಾಯ್ತು, ಅಲ್ವಾ? ಸೋಮವಾರದವರೆಗೂ ನನ್ನ ನೆರಳು ನಿನ್ನ ಹತ್ರಾನೇ ಇರ್ಲಿ. ಯಾವ ದಾರೀಲಿ ಇರ್ತೀನಿ ಅಂತ ನಿಂಗೆ ಗೊತ್ತು. ಬಿದ್ರೆ ಓಡಿ ಬಾ."

ಚಿಕ್ಕಣ್ಣ ಮೊಬೈಲಿನಿಂದ ತಲೆ ಎತ್ತಿದ. "ಹಂಗೆಲ್ಲ ಬೇಕಂತ ಬದಲಾಯಿಸ್ಕೊಂಡು ಹೋಗಂಗಿಲ್ಲಕ್ಕ. ಇಲ್ಲೀತನಕ ಯಾರೂ ಮಾಡಿಲ್ಲ."

"ಬೋರ್ಡ್ ಓದಿದೀನಿ ಚಿಕ್ಕಣ್ಣ," ಎಂದಳು ಅಮ್ಮ. "ನಮ್ಮ ನೆರಳಿಗೆ ನಾವೇ ಜವಾಬ್ದಾರರು." ಆಮೇಲೆ ನನ್ನ ಕಡೆ ತಿರುಗಿದಳು. "ಒಂದೇ ಒಂದು ಮಾತು. ನಾನು ಗಾಡಿ ಮೇಲಿರೋವಾಗ ನೀನು ಎದ್ದು ನಿಲ್ಬೇಡ."

ಭಾನುವಾರ ಮನೆಯೆಲ್ಲ ಗೋಜಲು. ನಾನು ಸೋಫಾದಲ್ಲಿ ಬಿದ್ದುಕೊಂಡಿದ್ದರೆ ನನ್ನ ಕೆಳಗಿನ ನೆರಳು ತೆಂಗಿನಕಾಯಿ ತುರಿಯುತ್ತಿತ್ತು. ಅಮ್ಮ ತುರಿಯುತ್ತಿದ್ದರೆ ಅವಳ ನೆರಳು ಫೋನು ನೋಡುತ್ತಾ ಕಾಲು ಅಲ್ಲಾಡಿಸುತ್ತಿತ್ತು. "ಇಡೀ ದಿನ ಇದೇನಾ ನಿನ್ನ ಕೆಲಸ?" ಎಂದು ಅಮ್ಮ ನೆಲಕ್ಕೆ ಬೈದಳು.

ಸೋಮವಾರ ಕ್ಲಾಸಿನಲ್ಲಿ ಕಿಟಕಿ ಪಕ್ಕದ ಬೆಂಚು ಹಿಡಿದೆ. ಬಿಸಿಲು ನನ್ನ ಬೆನ್ನ ಮೇಲೆ, ಅಮ್ಮ ಎದುರು ಗೋಡೆಯ ಮೇಲೆ. ಅರ್ಥಶಾಸ್ತ್ರದ ಭೀಮಸೇನ ಸರ್ ಬೋರ್ಡಿನ ಮೇಲೆ ಗೆರೆ ಎಳೆಯುತ್ತಿದ್ದರು. ನೆರಳು ಮೊದಲು ಸುಮ್ಮನೆ ನಿಂತಿತ್ತು. ಆಮೇಲೆ ಇಲ್ಲದ ಸೆರಗನ್ನು ಸಿಕ್ಕಿಸಿತು. ಕೂತಿತು. ಕೈ ಮುಂದೆ ಚಾಚಿತು. ನಾನು ಬೆಂಚಿನ ಅಂಚನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೆ.

"ಸುಚೇತಾ! ಗೋಡೆ ಮೇಲೆ ಏನ್ ನೋಡ್ತಿದೀಯಾ? ಎದ್ದು ನಿಂತ್ಕೋ. ಬೇಡಿಕೆಯ ನಿಯಮ ಹೇಳು."

ನಾನು ಏಳಲಿಲ್ಲ.

"ನಿನಗೇ ಹೇಳಿದ್ದು. ಎದ್ದೇಳು."

"ಆಗಲ್ಲ ಸರ್."

ಭೀಮಸೇನ ಸರ್‌ಗೆ ಆಗಲ್ಲ ಎಂದವರು ಆ ಕಾಲೇಜಿನ ಚರಿತ್ರೆಯಲ್ಲೇ ಇರಲಿಲ್ಲ. ಅವರ ಕೈಯ ಸೀಮೆಸುಣ್ಣ ಮುರಿಯಿತು. "ಏನಂದೆ?"

"ಕೂತೇ ಇರ್ತೀನಿ ಸರ್. ದಯವಿಟ್ಟು. ಎದ್ರೆ ಅಮ್ಮ ಬಿದ್ದೋಗ್ತಾಳೆ."

ಯಾರೋ ಕಿಸಕ್ಕೆಂದರು. ಹೇಮಿ ತಿರುಗಿ ಅವರ ಕಡೆ ಒಂದು ನೋಟ ಬಿಟ್ಟಳು, ನಗು ನಿಂತಿತು. ಸರ್ ಮೂಗಿನ ತುದಿ ಕೆಂಪಾಯಿತು, ನನ್ನ ಬೆಂಚಿನ ಕಡೆ ಒಂದು ಹೆಜ್ಜೆ ಇಟ್ಟರು. ಅಷ್ಟರಲ್ಲಿ ಗೋಡೆಯ ಮೇಲೆ ನೆರಳು ಎಡಕ್ಕೆ ವಾಲಲು ಶುರುವಾಯಿತು. ಕೆರೆ ತಿರುವು ಎಡಕ್ಕೇ ಇರುವುದು. ಸರ್ ನನ್ನ ಕಣ್ಣು ಹೋದ ಕಡೆ ನೋಡಿದರು, ಹೆಜ್ಜೆ ನಿಲ್ಲಿಸಿದರು. ನೆರಳು ಇನ್ನೂ ವಾಲಿತು. ನನಗೆ ಉಸಿರಾಡಲೂ ಭಯ. ನನ್ನ ಉಸಿರಿಗೆ ಅಲ್ಲಿ ರಸ್ತೆಯ ಮೇಲೆ ನನ್ನ ನೆರಳು ಅಲುಗಿ ಬಿಟ್ಟರೆ? ಪಕ್ಕದವಳ ಪೆನ್ನು ಉರುಳಿ ಕೆಳಗೆ ಬಿತ್ತು. ಯಾರೂ ಎತ್ತಿಕೊಳ್ಳಲಿಲ್ಲ. ನೆರಳಿನ ಒಂದು ಭುಜ ಚೂರು ನಡುಗಿತು. ವಾಲಿತು, ವಾಲಿತು. ಆಮೇಲೆ ನಿಧಾನವಾಗಿ ನೆಟ್ಟಗಾಯಿತು.

ಒಂದು ಕಾಲು ಕೆಳಗೆ ಬಂತು. ನಿಂತಿತು. ಅಮ್ಮ ಗಾಡಿಯಿಂದ ಇಳಿದಳು. ನಾಲ್ಕು ಹೆಜ್ಜೆ ಹಿಂದಕ್ಕೆ ನಡೆದು, ಬಗ್ಗಿ, ನೆಲದ ಮೇಲೆ ಅಂಗೈ ಇಟ್ಟಳು. ತುಂಬಾ ಹೊತ್ತು ಹಾಗೇ ಇದ್ದಳು. ಸರ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

ಆಮೇಲೆ ಅಮ್ಮ ಎದ್ದಳು, ಅಂಗೈಯ ಮಣ್ಣನ್ನು ಕುರ್ತಾಕ್ಕೆ ಒರೆಸಿಕೊಂಡಳು, ತನ್ನ ಕಾಲ ಬುಡದಲ್ಲಿ ಬೆಂಚು ಹಿಡಿದು ಕೂತಿದ್ದ ನನ್ನನ್ನು ನೋಡಿದಳು. ಐದು ಬೆರಳು ಜೋಡಿಸಿ ಬಾಯಿಯ ಹತ್ತಿರ ತಂದಳು. ತಿಂಡಿ ತಿಂದ್ಯಾ? ನಾನು ತಲೆಯಾಡಿಸಿದೆ. ಅವಳು ಎರಡು ಬೆರಳು ಬಾಯಿಗಿಟ್ಟುಕೊಂಡಳು. ಕೆನ್ನೆ ಉಬ್ಬಿತು. ಗೋಡೆಯಿಂದ ಏನೂ ಕೇಳಿಸಲಿಲ್ಲ. ಆದರೆ ಕೆರೆಯ ದಂಡೆಯಲ್ಲಿದ್ದ ಕೊಕ್ಕರೆಗಳೆಲ್ಲ ಎದ್ದು ಹಾರಿರಬೇಕು. ಕೊನೆಗೆ ಅಂಗೈ ಮೇಲಕ್ಕೆತ್ತಿದಳು. ಏಳು ಇನ್ನು.

ನಾನು ಎದ್ದು ನಿಂತೆ.

"ಈಗ ಕೇಳಿ ಸರ್," ಎಂದೆ.